ಮೊದಲು ಮೈಕ್, ಆಮೇಲೆ ಕ್ಯಾಮೆರಾ: ಸ್ವಂತ ದುಡ್ಡಿನಲ್ಲಿ ಚಿತ್ರ ಮಾಡುವವರಿಗೆ ಸಲಕರಣೆಯ ಪಾಠ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಕಿರುಚಿತ್ರ, ಸಾಕ್ಷ್ಯಚಿತ್ರ ಮಾಡಲು ಹೊರಟವರಲ್ಲಿ ಹೆಚ್ಚಿನವರು ಮಾಡುವ ತಪ್ಪು ಒಂದೇ. ಕೈಯಲ್ಲಿ ಲಕ್ಷ ರೂಪಾಯಿ ಇದ್ದರೆ ತೊಂಬತ್ತು ಸಾವಿರವನ್ನು ಕ್ಯಾಮೆರಾ, ಲೆನ್ಸಿಗೆ ಸುರಿಯುತ್ತಾರೆ. ಉಳಿದ ಹತ್ತರಲ್ಲಿ ಮೈಕ್, ಕಾರ್ಡ್, ಬ್ಯಾಟರಿ, ಟ್ರೈಪಾಡ್ ಎಲ್ಲ ಮುಗಿಯಬೇಕು. ಚಿತ್ರ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ಮಾತು ಮಾತ್ರ ಬಾವಿಯೊಳಗಿಂದ ಬಂದಂತಿರುತ್ತದೆ. ಕೊಂಚ ಮಸುಕಾದ ಚಿತ್ರವನ್ನು ಜನ ಕೂತು ನೋಡುತ್ತಾರೆ. ತಿಳಿಯದ ಮಾತನ್ನು ಎರಡು ನಿಮಿಷವೂ ಸಹಿಸುವುದಿಲ್ಲ. ಲಕ್ಷದಲ್ಲಿ ಕನಿಷ್ಠ 30 ಸಾವಿರ ದನಿಗೆ, 15 ಸಾವಿರ ಬ್ಯಾಟರಿ, ಕಾರ್ಡ್, ಹಾರ್ಡ್ ಡಿಸ್ಕಿಗೆ ತೆಗೆದಿಟ್ಟು, ಮಿಕ್ಕಿದ್ದರಲ್ಲಿ ಕ್ಯಾಮೆರಾ ನೋಡಿ.

ಹೆಜ್ಜೆ 1: ಜಾಗ, ಹೊತ್ತು ಬರೆದುಕೊಳ್ಳಿ

ಅಂಗಡಿಗೆ ಹೋಗುವ ಮುನ್ನ ಎಲ್ಲಿ, ಯಾವ ಹೊತ್ತಿನಲ್ಲಿ, ಎಷ್ಟು ತಾಸು ಚಿತ್ರೀಕರಣ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಕಿನ್ನಾಳದಲ್ಲಿ ಗೊಂಬೆ ಮಾಡುವವರ ಪಡಸಾಲೆಯಾದರೆ ಜಾಗ ಇಕ್ಕಟ್ಟು, ಬೆಳಕು ಕಡಿಮೆ. ಅಗಲ ಲೆನ್ಸ್, ಸಣ್ಣ ಲೈಟ್ ಬೇಕು. ಬಯಲಾಟವಾದರೆ ರಾತ್ರಿಯಿಡೀ ನಿಲ್ಲದೆ ಓಡುವ ಕ್ಯಾಮೆರಾ ಬೇಕು. ಸಂಡೂರಿನ ಅದಿರು ಲಾರಿಗಳ ದಾರಿಯಾದರೆ ಕೆಂಪು ದೂಳಿನ ಚಿಂತೆ ಮೊದಲು. ಇಟಗಿಯ ಮಹಾದೇವ ದೇಗುಲದಂಥ ಸ್ಮಾರಕವಾದರೆ ಪುರಾತತ್ವ ಇಲಾಖೆಯ ಅನುಮತಿ ಕೈಗೆ ಬಂದ ಮೇಲೆಯೇ ಟ್ರೈಪಾಡ್ ಹೊತ್ತೊಯ್ಯಿರಿ. ಡ್ರೋನನ್ನು ಮೊದಲ ಚಿತ್ರದ ಪಟ್ಟಿಯಿಂದ ತೆಗೆದುಬಿಡಿ.

ಹೆಜ್ಜೆ 2: ಕ್ಯಾಮೆರಾ

ಒಳ್ಳೆಯ ಫೋನ್ ಇದ್ದರೆ ಮೊದಲ ಚಿತ್ರಕ್ಕೆ ಕ್ಯಾಮೆರಾ ಕೊಳ್ಳಬೇಡಿ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್, ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಮೂರನ್ನೂ ಲಾಕ್ ಮಾಡಿ. ಫೋನಿನ ಮಾಮೂಲಿ ಆ್ಯಪ್ ಫ್ರೇಮಿನ ವೇಗವನ್ನು ತನಗೆ ಬೇಕಾದಂತೆ ಏರಿಳಿಸುತ್ತದೆ. ಬೇರೆ ರೆಕಾರ್ಡರಿನ ದನಿ ಅದಕ್ಕೆ ಕೊನೆತನಕ ಕೂಡಿಬರುವುದಿಲ್ಲ. ಶಟರ್ 1/50 ಯಾಕೆಂದರೆ ನಮ್ಮ ಕರೆಂಟ್ 50 ಹರ್ಟ್ಸ್. 1/60 ಇಟ್ಟರೆ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿಯ ಕೆಳಗೆ ಚಿತ್ರದಲ್ಲಿ ಪಟ್ಟಿಗಳು ಓಡುತ್ತವೆ.

ಕೊಳ್ಳಲೇಬೇಕೆಂದರೆ ನಾಲ್ಕು ನೋಡಿ: ಮೈಕ್ ಜ್ಯಾಕ್, ಹೆಡ್‌ಫೋನ್ ಜ್ಯಾಕ್, ರೆಕಾರ್ಡ್ ಆಗುತ್ತಿರುವಾಗಲೇ ಯುಎಸ್‌ಬಿಯಿಂದ ಕರೆಂಟ್ ತೆಗೆದುಕೊಳ್ಳುವ ಸೌಲಭ್ಯ, ಅರ್ಧ ತಾಸಿಗೆ ತಾನೇ ನಿಲ್ಲದಿರುವುದು. 6ಕೆ, 8ಕೆ ಎಂಬ ಮಾತಿಗೆ ಕಿವಿಗೊಡಬೇಡಿ. ಆ ಕಡತಗಳನ್ನು ನಿಮ್ಮ ಲ್ಯಾಪ್‌ಟಾಪ್ ಎಳೆಯುವುದಿಲ್ಲ.

ಸೆಕೆಂಡ್‌ಹ್ಯಾಂಡ್ ತಪ್ಪಲ್ಲ. ಮುಚ್ಚಳ ಹಾಕಿ ಒಂದು ನಿಮಿಷ ರೆಕಾರ್ಡ್ ಮಾಡಿ, ದೊಡ್ಡ ಪರದೆಯಲ್ಲಿ ನೋಡಿ. ಕದಲದ ಬಿಳಿ, ಕೆಂಪು ಚುಕ್ಕೆಗಳಿದ್ದರೆ ಸೆನ್ಸರಿನಲ್ಲಿ ದೋಷವಿದೆ. ಲೆನ್ಸಿನ ಹಿಂದಿನಿಂದ ಟಾರ್ಚ್ ಹಾಯಿಸಿ. ಜೇಡರ ಬಲೆಯಂಥ ಎಳೆ ಕಂಡರೆ ಒಳಗೆ ಬೂಷ್ಟು ಹಿಡಿದಿದೆ, ಬೇಡ ಎನ್ನಿ. ಮದುವೆ ಕೆಲಸ ಮಾಡಿದ ಕ್ಯಾಮೆರಾಗಳಲ್ಲಿ ಸವೆದಿರುವುದು ಹೆಚ್ಚಾಗಿ ಜ್ಯಾಕುಗಳು. ಮೈಕ್ ಸಿಕ್ಕಿಸಿ, ಹೆಡ್‌ಫೋನ್ ಹಾಕಿಕೊಂಡು, ಪ್ಲಗ್ಗನ್ನು ಮೆಲ್ಲಗೆ ಅಲ್ಲಾಡಿಸಿ. ಚರಚರ ಎಂದರೆ ಬಿಡಿ.

ಬಾಡಿಗೆಯ ಲೆಕ್ಕವೂ ಇದೆ. ಊರಿನ ಮದುವೆ ಸ್ಟುಡಿಯೋಗಳಲ್ಲಿ ಒಳ್ಳೆಯ ಕ್ಯಾಮೆರಾ, ಲೆನ್ಸ್ ಇರುತ್ತವೆ, ಆದರೆ ಮುಹೂರ್ತದ ದಿನಗಳಲ್ಲಿ ಕೈಗೆ ಸಿಗುವುದಿಲ್ಲ. ಆಷಾಢದಲ್ಲಿ ಕೇಳಿ. ದರವೂ ಇಳಿದಿರುತ್ತದೆ, ಹೇಗೆ ಬಳಸಬೇಕೆಂದು ತೋರಿಸಿಕೊಡಲು ಅವರಿಗೆ ಪುರಸೊತ್ತೂ ಇರುತ್ತದೆ.

ಹೆಜ್ಜೆ 3: ದನಿ

ಎಲ್ಲರೂ ಎಡವುವುದು ಇಲ್ಲಿ. ನಿಧಾನವಾಗಿ ಓದಿ.

ಬೇಕಾದದ್ದು ವೈರ್ ಇರುವ ಕಾಲರ್ ಮೈಕ್ ಒಂದು, ಜೇಬಿನಲ್ಲಿ ಹಿಡಿಸುವ ರೆಕಾರ್ಡರ್ ಒಂದು, ಕಿವಿ ಪೂರ್ತಿ ಮುಚ್ಚುವ ವೈರಿನ ಹೆಡ್‌ಫೋನ್ ಒಂದು. ದುಡ್ಡು ಮಿಕ್ಕರೆ ಗಿಡ್ಡ ಶಾಟ್‌ಗನ್ ಮೈಕ್ (ಮಾತಾಡುವವರ ಕಡೆ ತಿರುಗಿಸಿ ಹಿಡಿಯುವ ಕೊಳವೆಯಂಥ ಮೈಕ್) ಮತ್ತು ಅದನ್ನು ಹಿಡಿಯುವ ಕೋಲು. ಪೇಂಟರುಗಳು ಬಳಸುವ, ಎಳೆದು ಉದ್ದ ಮಾಡುವ ಅಲ್ಯುಮಿನಿಯಂ ಕೋಲು ಸಾಕು. ಶಾಟ್‌ಗನ್ನನ್ನು ಕ್ಯಾಮೆರಾದ ನೆತ್ತಿಗೆ ಸಿಕ್ಕಿಸಿ ಎಂಟಡಿ ದೂರದ ಮಾತು ಹಿಡಿಯಲು ಹೋಗಬೇಡಿ. ಅದು ದೂರದ ದನಿಯನ್ನು ಹತ್ತಿರ ತರುವುದಿಲ್ಲ, ಅಕ್ಕಪಕ್ಕದ ಸದ್ದನ್ನು ಕೊಂಚ ತಗ್ಗಿಸುತ್ತದೆ, ಅಷ್ಟೆ. ಮೈಕಿನ ದೂರ ಎರಡು ಪಟ್ಟಾದರೆ ಮಾತು 6 ಡೆಸಿಬಲ್ ಇಳಿಯುತ್ತದೆ, ಗೋಡೆಗೆ ಬಡಿದು ಬರುವ ಪ್ರತಿಧ್ವನಿ ಮಾತ್ರ ಇದ್ದಷ್ಟೇ ಇರುತ್ತದೆ. ಬಾವಿಯ ದನಿ ಹುಟ್ಟುವುದು ಹೀಗೆ.

ಕಾಲರ್ ಮೈಕಿನ ಪ್ಲಗ್ಗಿನ ಮೇಲಿನ ಕಪ್ಪು ಪಟ್ಟಿ ಎಣಿಸಿ. ಮೂರಿದ್ದರೆ ಫೋನಿನದು, ಎರಡಿದ್ದರೆ ಕ್ಯಾಮೆರಾ, ರೆಕಾರ್ಡರಿನದು. ತಪ್ಪಾಗಿ ಸಿಕ್ಕಿಸಿದರೆ ಮೈಕ್ ಸುಮ್ಮನಿರುತ್ತದೆ. ಫೋನ್ ತನ್ನದೇ ಒಳಮೈಕಿನಿಂದ ರೆಕಾರ್ಡ್ ಮಾಡುತ್ತ ಹೋಗುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತುಮಾಡಿಕೊಳ್ಳಲು ಮೈಕಿನ ತಲೆಯನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಹೆಡ್‌ಫೋನಿನಲ್ಲಿ ಜೋರಾಗಿ ಕೇಳಿದರೆ ಅದೇ ಮೈಕ್. ಬೋಯಾ ಬಿವೈ-ಎಂ1 ಈ ಕಡೆ ಎಲ್ಲರ ಕೈಯಲ್ಲೂ ಇದೆ, ಬೆಲೆಗೆ ಒಳ್ಳೆಯ ಮೈಕ್. ಮೂರು ಪಟ್ಟಿಯಿದ್ದರೂ ಅದು ಎರಡಕ್ಕೂ ಬರುತ್ತದೆ. ಕ್ಯಾಮೆರಾಕ್ಕೆ ಹಾಕುವಾಗ ಅದರ ಗುಂಡಿ ಕ್ಯಾಮೆರಾ ಕಡೆಗಿರಬೇಕು, ಒಳಗೆ ಎಲ್‌ಆರ್44 ಸೆಲ್ ಇರಬೇಕು. ಕೆಲಸ ಮುಗಿದ ಮೇಲೆ ಗುಂಡಿ ಆಫ್ ಮಾಡಲು ಮರೆತರೆ ಸೆಲ್ ಸುಮ್ಮನೆ ಸವೆಯುತ್ತದೆ. ಚೀಲದಲ್ಲಿ ಇನ್ನೆರಡು ಇಡಿ.

ಈಗ ಮೈಕ್ ಹಚ್ಚುವುದು. ಗದ್ದದಿಂದ ಒಂದು ಗೇಣು ಕೆಳಗೆ, ಎದೆಯ ನಡುವೆ. ಇನ್ನೂ ಮೇಲೆ ಹೋದರೆ ಗದ್ದದ ಮರೆಯಲ್ಲಿ ದನಿ ಮಂಕಾಗುತ್ತದೆ. ಕೂತವರ ಹೆಗಲ ಮೇಲೆ ವಲ್ಲಿ ಇದ್ದರೆ, ಮಾತಾಡುತ್ತ ಕೈ ಎತ್ತಿದಾಗಲೆಲ್ಲ ಅದು ಮೈಕಿಗೆ ಉಜ್ಜುತ್ತದೆ. ತೆಗೆಸಬೇಡಿ, ಅದಿಲ್ಲದೆ ಅವರಿಗೆ ಇರಸುಮುರಸು; ಮೈಕನ್ನೇ ಇನ್ನೊಂದು ಬದಿಗೆ ಹಚ್ಚಿ. ಹೆಣ್ಣುಮಕ್ಕಳಾದರೆ ತಾಳಿಸರ, ಮಣಿಸರ ಮೈಕಿಗೆ ತಾಗುವ ಟಿಕ್ ಟಿಕ್ ಸದ್ದನ್ನು ಎಡಿಟಿಂಗಿನಲ್ಲಿ ತೆಗೆಯುವುದು ಬಹಳ ಕಷ್ಟ. ಕ್ಲಿಪ್ಪನ್ನು ಅವರ ಕೈಗೇ ಕೊಟ್ಟು, ಸೆರಗಿನ ಅಂಚಿಗೆ, ಸರದಿಂದ ಮೂರು ಬೆರಳು ಆಚೆ ಹಚ್ಚಿಕೊಳ್ಳಲು ಹೇಳಿ: ‘ಅಮ್ಮಾ, ಇದನ್ನ ಇಲ್ಲಿ ಸಿಕ್ಕಿಸ್ಕೊಳ್ರಿ.’ ಗಂಜಿ ಹಾಕಿದ ಹೊಸ ಸೀರೆಗಿಂತ ದಿನಬಳಕೆಯ ಹತ್ತಿ ಸೀರೆ ಎಷ್ಟೋ ಸದ್ದು ಕಡಿಮೆ ಮಾಡುತ್ತದೆ. ಹಿಂದಿನ ದಿನವೇ ಹೇಳಿಟ್ಟಿರಿ. ಮೈಕಿನಿಂದ ಎರಡು ಇಂಚು ಕೆಳಗೆ ವೈರನ್ನು ಸಣ್ಣ ಸುತ್ತು ಮಾಡಿ, ಮೆಡಿಕಲ್ ಶಾಪಿನ ಮೈಕ್ರೋಪೋರ್ ಟೇಪಿನಿಂದ ಬಟ್ಟೆಯ ಒಳಬದಿಗೆ ಅಂಟಿಸಿ. ವೈರ್ ಎಳೆದಾಗ ಬರುವ ಗುಡುಗುಡು ಆ ಸುತ್ತಿನಲ್ಲೇ ನಿಲ್ಲುತ್ತದೆ.

ದನಿಯ ಮಟ್ಟ ಹೊಂದಿಸುವಾಗ, ಯಂತ್ರ ತಾನೇ ಮಟ್ಟ ಏರಿಳಿಸುವ ಆಟೊ ಸೆಟ್ಟಿಂಗ್ ಬಂದ್ ಮಾಡಿ. ಆಟೊ ಇದ್ದರೆ ಮಾತು ನಿಂತ ಕೂಡಲೇ ಯಂತ್ರ ಮೌನವನ್ನೇ ಎತ್ತಿ ಕೊಡುತ್ತದೆ; ಫ್ಯಾನು, ಬೀದಿಯ ಟ್ರ್ಯಾಕ್ಟರ್ ಎಲ್ಲ ಮೇಲೆದ್ದು ಬರುತ್ತವೆ. ‘ಹಲೋ, ಒಂದು, ಎರಡು’ ಎಂದು ಹೇಳಿಸಿ ಮಟ್ಟ ಹಿಡಿಯುವುದೂ ತಪ್ಪು. ಸಂಕೋಚದಲ್ಲಿ ಮೆಲ್ಲಗೆ ಎಣಿಸಿದವರು ಕತೆ ಕಾವೇರಿದಾಗ ದನಿ ಎತ್ತುತ್ತಾರೆ. ಮಳೆ, ಬೆಳೆ, ಮೊಮ್ಮಕ್ಕಳ ಬಗ್ಗೆ ಎರಡು ನಿಮಿಷ ಮಾತಾಡಿಸಿ, ನಗಿಸಿ. ಮೀಟರಿನಲ್ಲಿ ಮಾಮೂಲಿ ಮಾತು ಮೈನಸ್ 18 ಡೆಸಿಬಲ್ ಸುತ್ತ, ಏರಿದ ಮಾತು ಮೈನಸ್ 12, ನಗೆ ಮೈನಸ್ 6 ದಾಟದಂತೆ ಇಡಿ. ಸೊನ್ನೆಗೆ ಬಡಿದ ದನಿ ಹರಿದ ಬಟ್ಟೆಯಿದ್ದಂತೆ, ಹೊಲಿಗೆ ಕೂರುವುದಿಲ್ಲ. ಸೆಟ್ಟಿಂಗಿನಲ್ಲಿ 48 ಕಿಲೋಹರ್ಟ್ಸ್, 24 ಬಿಟ್. 32 ಬಿಟ್ ಫ್ಲೋಟ್ ರೆಕಾರ್ಡರುಗಳಲ್ಲಿ ಮಟ್ಟ ತಪ್ಪಿದರೂ ಸರಿಪಡಿಸಬಹುದು, ಕೊಳ್ಳಲು ಯೋಗ್ಯ. ಆದರೆ ಬಟ್ಟೆಯ ಉಜ್ಜಾಟ, ಗಾಳಿ, ದೂರದ ಮೈಕ್ ಇವನ್ನು ಅದೂ ಉಳಿಸದು.

ಕೋಣೆಗೆ ಬನ್ನಿ. ಆರ್‌ಸಿಸಿ ಚಾವಣಿ, ಗ್ರಾನೈಟ್ ನೆಲದ ಹೊಸ ಮನೆಗಿಂತ ಮಣ್ಣಿನ ಮಾಳಿಗೆಯ ಹಳೆ ಮನೆ ದನಿಗೆ ಬಹಳ ಒಳ್ಳೆಯದು. ಹೊಸ ಮನೆಯೇ ಆದರೆ ಕೌದಿ ಕೇಳಿ ಪಡೆಯಿರಿ. ಹಳೇ ಸೀರೆಯ ಪದರ ಸೇರಿಸಿ ಹೊಲಿದ ದಪ್ಪ ಕೌದಿಗಿಂತ ಅಗ್ಗದ ಪ್ರತಿಧ್ವನಿ ತಡೆ ಇಲ್ಲ. ಒಂದು ನೆಲಕ್ಕೆ, ಒಂದು ಕ್ಯಾಮೆರಾದ ಹಿಂದಿನ ಗೋಡೆಗೆ, ಒಂದು ಪಕ್ಕಕ್ಕೆ. ಫ್ಯಾನು, ಕೂಲರ್, ಫ್ರಿಜ್ ಬಂದ್ ಮಾಡಿ. ನಿಮ್ಮ ಗಾಡಿಯ ಕೀಯನ್ನು ಫ್ರಿಜ್ಜಿನಲ್ಲೇ ಇಟ್ಟರೆ ಹೊರಡುವಾಗ ಅದನ್ನು ಮತ್ತೆ ಹಚ್ಚುವುದು ನೆನಪಾಗುತ್ತದೆ, ಮನೆಯವರ ಹಾಲು ಕೆಡುವುದಿಲ್ಲ. ಮಾತು ಮುಗಿದ ಮೇಲೆ ಎಲ್ಲರನ್ನೂ ಸುಮ್ಮನಿರಿಸಿ, ಆ ಕೋಣೆಯ ಬರೀ ಮೌನವನ್ನು ಒಂದು ನಿಮಿಷ ರೆಕಾರ್ಡ್ ಮಾಡಿ. ಮಾತು ಕತ್ತರಿಸಿ ಜೋಡಿಸುವಲ್ಲಿ ತೇಪೆಗೆ ಬೇಕಾಗುವುದು ಅದೇ.

ರೆಕಾರ್ಡರ್ ಬೇರೆ, ಕ್ಯಾಮೆರಾ ಬೇರೆ ಆದಾಗ ಮೊದಲಲ್ಲಿ ಒಂದು ಚಪ್ಪಾಳೆ, ಕೊನೆಯಲ್ಲಿ ಇನ್ನೊಂದು, ಕ್ಯಾಮೆರಾಕ್ಕೆ ಕಾಣುವಂತೆ. ಎರಡು ಯಂತ್ರಗಳ ಗಡಿಯಾರ ಪೂರ್ತಿ ಒಂದೇ ಇರುವುದಿಲ್ಲ. ತಾಸಿನ ಸಂದರ್ಶನದ ಕೊನೆಗೆ ತುಟಿಗೂ ಮಾತಿಗೂ ಅಂತರ ಬಿದ್ದರೆ ಎರಡನೆಯ ಚಪ್ಪಾಳೆ ನೋಡಿ ದನಿಯನ್ನು ಎಳೆದು ಕೂಡಿಸಬಹುದು.

ಬಯಲಾಟ, ನಾಟಕದಲ್ಲಿ ಧ್ವನಿವರ್ಧಕದ ಮಿಕ್ಸರಿನಿಂದ ನೇರ ವೈರ್ ಎಳೆಯುವವರಿಗೆ ಎಚ್ಚರಿಕೆ: ಅದು ಲೈನ್ ಮಟ್ಟದ ದನಿ, ಅಂದರೆ ಮೈಕಿನದಕ್ಕಿಂತ ಬಹಳ ಜೋರಿನ ಸಿಗ್ನಲ್. ಕ್ಯಾಮೆರಾದ ಮೈಕ್ ಜ್ಯಾಕಿಗೆ ಕೊಟ್ಟರೆ, ಮಟ್ಟ ಎಷ್ಟು ಇಳಿಸಿದರೂ ಹರಿದೇ ಬರುತ್ತದೆ. ರೆಕಾರ್ಡರಿನ ಲೈನ್ ಇನ್‌ಗೆ ಕೊಡಿ. ಮಿಕ್ಸರಿನಲ್ಲಿ ಬರುವುದು ಮೈಕಿನ ಮುಂದಿರುವ ದನಿ ಮಾತ್ರ. ಗೆಜ್ಜೆ, ಹಲಗೆಯ ಮೇಲಿನ ಹೆಜ್ಜೆ, ಜನರ ನಗೆ ಬೇಕಾದರೆ ರಂಗದ ಮುಂದೆ ಇನ್ನೊಂದು ರೆಕಾರ್ಡರ್ ಇಡಿ. ತೊಗಲುಗೊಂಬೆಯಾಟದಲ್ಲಿ ಹಾಡು ಹುಟ್ಟುವುದು ಪರದೆಯ ಹಿಂದೆ, ಮೈಕೂ ಅಲ್ಲೇ ಇರಲಿ. ಕ್ಯಾಮೆರಾದ ಎಕ್ಸ್‌ಪೋಷರ್ (ಬೆಳಕಿನ ಅಳತೆ) ಲಾಕ್ ಮಾಡದಿದ್ದರೆ, ದೊಡ್ಡ ಗೊಂಬೆ ಬಂದು ಹೋದಾಗಲೆಲ್ಲ ಪರದೆ ಬೆಳಗಿ ಮಂಕಾಗುತ್ತದೆ.

ಹೊರಗೆ, ಆನೆಗೊಂದಿಯ ಬಂಡೆಗಳ ಮೇಲೆ ಗಾಳಿಗೆ ಮೈಕಿನ ಸ್ಪಂಜಿನ ಟೋಪಿ ಏನೇನೂ ಸಾಲದು. ಕೂದಲಿನ ಟೋಪಿ ಹಾಕಿ, 80 ಹರ್ಟ್ಸ್‌ನ ಲೋ ಕಟ್ (ಅದಕ್ಕಿಂತ ಕೆಳಗಿನ ಗುಡುಗುಡು ಸದ್ದನ್ನು ತಗ್ಗಿಸುವ ಸೆಟ್ಟಿಂಗ್) ಹಚ್ಚಿ.

ವೈರ್‌ಲೆಸ್ ಮೈಕ್ ಬೇಕೇ ಬೇಕೆಂದರೆ, ಮೈಯ ಮೇಲಿನ ಪೆಟ್ಟಿಗೆಯಲ್ಲೇ ದನಿಯ ಒಂದು ಪ್ರತಿ ಉಳಿಸಿಕೊಳ್ಳುವಂಥದ್ದನ್ನೇ ಕೊಳ್ಳಿ. ಜಾತ್ರೆಯಲ್ಲಿ ಸಾವಿರಾರು ಫೋನುಗಳ ನಡುವೆ 2.4 ಗಿಗಾಹರ್ಟ್ಸ್ ಸಿಗ್ನಲ್ ಕಡಿದು ಕಡಿದು ಬರುತ್ತದೆ.

ಹೆಜ್ಜೆ 4: ಬೆಳಕು

ಕಿಟಕಿಯ ಬೆಳಕು, ಎದುರಿಗೊಂದು ಥರ್ಮಾಕೋಲ್ ಹಲಗೆ. ಲೈಟ್ ಕೊಂಡರೆ ಸಿಆರ್‌ಐ (ಬಣ್ಣವನ್ನು ಇದ್ದಂತೆ ತೋರಿಸುವ ಅಂಕ) 95ಕ್ಕಿಂತ ಹೆಚ್ಚಿರುವ ಒಂದೇ ಒಂದು 60 ವ್ಯಾಟಿನದು ಸಾಕು, ಮುಂದೆ ಬಟರ್ ಪೇಪರ್ ಕಟ್ಟಿ. ರಿಂಗ್ ಲೈಟ್ ಬೇಡ. ಕಣ್ಣೊಳಗೆ ಬಳೆ ಕಾಣುತ್ತದೆ, ಅಗ್ಗದವು ಮುಖಕ್ಕೆ ಹಸಿರು ಬಳಿಯುತ್ತವೆ. ಬಿಸಿಲಿಗೆ ಎನ್‌ಡಿ ಫಿಲ್ಟರ್ (ಲೆನ್ಸಿನ ಮುಂದಿಟ್ಟು ಬೆಳಕು ತಗ್ಗಿಸುವ ಕಪ್ಪು ಗಾಜು) ಬೇಕು: ಶಟರ್ 1/50, ಎಫ್/2.8, ಐಎಸ್‌ಒ 100 ಇದ್ದರೆ ಎನ್‌ಡಿ64.

ಹೆಜ್ಜೆ 5: ಬಿಸಿಲು, ಕರೆಂಟು, ದೂಳು

ಬಹುಪಾಲು ಕ್ಯಾಮೆರಾಗಳ ಕೈಪಿಡಿಯಲ್ಲಿ ಕೆಲಸದ ಉಷ್ಣಾಂಶ 0ಯಿಂದ 40 ಡಿಗ್ರಿ ಎಂದಿರುತ್ತದೆ. ರಾಯಚೂರಿನ ಮೇ ತಿಂಗಳ ಮಧ್ಯಾಹ್ನ ಅದನ್ನು ದಾಟುತ್ತದೆ. ಬೆಳಗ್ಗೆ 6ರಿಂದ 9.30, ಸಂಜೆ 4.30ರ ಮೇಲೆ ಹೊರಗಿನ ಕೆಲಸ ಇಟ್ಟುಕೊಳ್ಳಿ. ಕ್ಯಾಮೆರಾಕ್ಕೆ ಬಿಳಿ ಕೊಡೆ ಹಿಡಿಯಿರಿ, ಪರದೆಯನ್ನು ಮೈಯಿಂದ ಬಿಡಿಸಿಡಿ, ಶಾಟ್ ಮುಗಿದ ಕೂಡಲೇ ಆಫ್ ಮಾಡಿ. ಐಸ್ ಚೀಲ ಒತ್ತಬೇಡಿ, ಒಳಗೆ ನೀರು ಕಟ್ಟುತ್ತದೆ.

ಬ್ಯಾಟರಿ ಕಡಿಮೆ ಎಂದರೂ ನಾಲ್ಕು, ಕಂಪನಿಯದೇ. ಲೇಬಲ್ ಮೇಲೆ ದೊಡ್ಡ ಅಂಕಿ ಬರೆದ ಅಗ್ಗದವು ಅರ್ಧ ದಾರಿಯಲ್ಲಿ ಕೈಕೊಡುತ್ತವೆ, ಉಬ್ಬಿ ಕ್ಯಾಮೆರಾದೊಳಗೇ ಸಿಕ್ಕಿಕೊಳ್ಳುತ್ತವೆ. ಚಾರ್ಜ್ ಆದದ್ದಕ್ಕೆ ರಬ್ಬರ್ ಬ್ಯಾಂಡ್ ಹಾಕಿ, ಬಳಸಿದ ಕೂಡಲೇ ತೆಗೆಯಿರಿ. ಹಳ್ಳಿಯಲ್ಲಿ ಕರೆಂಟ್ ಯಾವಾಗ ಇರುತ್ತದೆಂದು ಪಂಪ್‌ಸೆಟ್ ಇರುವ ರೈತರನ್ನು ಕೇಳಿ, ನಿಖರವಾಗಿ ಹೇಳುತ್ತಾರೆ.

ದೂಳಿನಲ್ಲಿ ಲೆನ್ಸ್ ಬದಲಿಸಬೇಡಿ. ಬದಲಿಸಲೇಬೇಕಾದರೆ ಕಾರಿನೊಳಗೆ, ಗಾಜು ಏರಿಸಿ, ಎಸಿ ನಿಲ್ಲಿಸಿ, ಕ್ಯಾಮೆರಾದ ಬಾಯಿ ಕೆಳಗೆ ಮಾಡಿ. ಅದಿರಿನ ದೂಳನ್ನು ಒಣಬಟ್ಟೆಯಿಂದ ಒರೆಸಿದರೆ ಗಾಜಿಗೆ ಗೀರು ಬೀಳುತ್ತದೆ. ಮೊದಲು ರಬ್ಬರ್ ಬ್ಲೋಅರಿನಿಂದ ಊದಿ.

ಹೆಜ್ಜೆ 6: ಕಾರ್ಡ್

100 ಎಂಬಿಪಿಎಸ್‌ನ (ಸೆಕೆಂಡಿಗೆ 100 ಮೆಗಾಬಿಟ್) 4ಕೆ ವಿಡಿಯೋ ತಾಸಿಗೆ 45 ಜಿಬಿ ತಿನ್ನುತ್ತದೆ. ಅದಕ್ಕೆ ವಿ30 ಎಂಬ ವೇಗದ ಗುರುತಿನ ಕಾರ್ಡ್ ಸಾಕು. ಒಂದು ದೊಡ್ಡದರ ಬದಲು 64 ಜಿಬಿಯ ನಾಲ್ಕು ಕೊಳ್ಳಿ, ಒಂದು ಕೆಟ್ಟರೆ ಮೂರು ಉಳಿಯುತ್ತವೆ. ನಕಲಿ ಕಾರ್ಡುಗಳು 128 ಎಂದು ತೋರಿಸಿ ಒಳಗೆ ಎಂಟೋ ಹದಿನಾರೋ ಇರುತ್ತವೆ. ತುಂಬಿದ ಮೇಲೆ ಬರೆದದ್ದೆಲ್ಲ ಹಾಳು. ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶದಿಂದ ಪೂರ್ತಿ ತುಂಬಿಸಿ ಪರೀಕ್ಷಿಸಿ. ಅದೇ ರಾತ್ರಿ ಎರಡು ಡಿಸ್ಕಿಗೆ ಪ್ರತಿ ಮಾಡಿ, ಒಂದೊಂದನ್ನು ಒಬ್ಬೊಬ್ಬರು ಬೇರೆ ಬೇರೆ ಚೀಲದಲ್ಲಿ ಒಯ್ಯಿರಿ. ಎರಡರಲ್ಲೂ ತೆರೆದು ನೋಡುವ ತನಕ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ. ಮಾಡುವಾಗ ಕ್ಯಾಮೆರಾದಲ್ಲೇ ಮಾಡಿ.

ಹೆಜ್ಜೆ 7: ತಾಲೀಮು

ನಾಟಕದವರು ತಾಲೀಮಿಲ್ಲದೆ ರಂಗಕ್ಕೆ ಹತ್ತುವುದಿಲ್ಲ. ಸಲಕರಣೆಗೂ ಒಂದು ಪೂರ್ತಿ ದಿನ ಕೊಡಿ, ಚಿತ್ರೀಕರಣಕ್ಕೆ ಕನಿಷ್ಠ ಒಂದು ವಾರ ಮೊದಲು, ಕೆಟ್ಟದ್ದನ್ನು ಬದಲಿಸಲು ಸಮಯ ಉಳಿಯುವಂತೆ. ಮಧ್ಯಾಹ್ನ ಒಂದು ಗಂಟೆಗೆ ಮಾಳಿಗೆಯ ಮೇಲೆ, ಕೊಡೆಯ ನೆರಳಲ್ಲಿ, 40 ನಿಮಿಷ ನಿಲ್ಲಿಸದೆ ರೆಕಾರ್ಡ್ ಮಾಡಿ. ಕ್ಯಾಮೆರಾ ಎಷ್ಟನೇ ನಿಮಿಷಕ್ಕೆ ಸೋತಿತು ಎಂದು ಬರೆದಿಡಿ. ಪ್ರತಿ ಬ್ಯಾಟರಿ ಎಷ್ಟು ಹೊತ್ತು ಬಂತು ಎಂದು ಅದರ ಮೇಲೇ ಟೇಪ್ ಅಂಟಿಸಿ ಬರೆಯಿರಿ. ಮನೆಯ ಹಿರಿಯರನ್ನು ಕೂರಿಸಿ ಮೈಕ್ ಹಚ್ಚಿ, ಚಪ್ಪಾಳೆ ಹೊಡೆದು, ಅರ್ಧ ತಾಸು ಮಾತಾಡಿಸಿ, ಲ್ಯಾಪ್‌ಟಾಪಿಗೆ ಹಾಕಿ ದನಿ ಕೂಡಿಸುವವರೆಗೆ ಎಲ್ಲ ಮಾಡಿ. ನಡುವೆ ಕೈಕೊಟ್ಟ ಕೇಬಲ್ಲನ್ನು ಅಲ್ಲೇ ಕತ್ತರಿಸಿ ಎಸೆಯಿರಿ. ಚೀಲಕ್ಕೆ ವಾಪಸ್ ಹಾಕಿದರೆ ಚಿತ್ರೀಕರಣದ ದಿನ ಕೈಗೆ ಸಿಗುವುದು ಅದೇ.