ಗಾಯಾಳು ಎಲ್ಲಿದ್ದಾರೆ? ಉತ್ತರ ಕೊಡುವ ವ್ಯವಸ್ಥೆಯನ್ನು ಮಡಿಕೇರಿ ಕೊಳ್ಳುವುದು ಹೇಗೆ

2024ರ ಜುಲೈ 30ರಂದು ನೆರೆಯ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಯಲ್ಲಿ ಗುಡ್ಡ ಜರಿದಾಗ ಎಷ್ಟೋ ದೇಹಗಳು ಚಾಲಿಯಾರ್ ನದಿಯಲ್ಲಿ ತೇಲಿಹೋಗಿ ಮಲಪ್ಪುರಂ ಜಿಲ್ಲೆಯ ನಿಲಂಬೂರಿನಲ್ಲಿ ಸಿಕ್ಕವು. ಗುರುತು ಸಿಗದವರನ್ನು ಪುತ್ತುಮಲೆಯಲ್ಲಿ ಮಣ್ಣು ಮಾಡಿದಾಗ ಸಮಾಧಿಯ ಮೇಲೆ ಬರೆದದ್ದು ಹೆಸರಲ್ಲ, ಸಂಖ್ಯೆ. ಡಿಎನ್‌ಎ ಪರೀಕ್ಷೆಯ ಬಳಿಕ ಆ ಸಂಖ್ಯೆಯ ಜಾಡು ಹಿಡಿದೇ ಹಲವರು ತಮ್ಮವರನ್ನು ಗುರುತಿಸಿದರು.

2018ರಲ್ಲಿ ಮಕ್ಕಂದೂರು, ಜೋಡುಪಾಲ, 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬೆಟ್ಟ ಕುಸಿದದ್ದನ್ನು ಕಂಡ ಕೊಡಗಿನವರಾದ ನಮಗೆ ಇದು ದೂರದ ಸುದ್ದಿಯಲ್ಲ. ಸಾಮೂಹಿಕ ಅವಘಡದಲ್ಲಿ ಗಾಯಾಳುಗಳ ಜಾಡು ಇಡುವ ವ್ಯವಸ್ಥೆಯನ್ನು ಕೊಳ್ಳುವುದಾದರೆ ಯಾವ ಕ್ರಮದಲ್ಲಿ ಸಾಗಬೇಕು? ಕಚೇರಿಗಳ ರೂಢಿಯೆಂದರೆ ಮೊದಲು ಸಾಫ್ಟ್‌ವೇರ್, ಆಮೇಲೆ ಯೋಚನೆ. ಅದನ್ನು ತಿರುಗಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ.

ಮೊದಲು, ಯಾರು ಕೂರಬೇಕು

ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು, ಆದ್ದರಿಂದ ಸಭೆ ಕರೆಯುವವರ ಬಗ್ಗೆ ಗೊಂದಲವಿಲ್ಲ. ಜಿಲ್ಲಾ ಆರೋಗ್ಯಾಧಿಕಾರಿ, ವೈದ್ಯಕೀಯ ಕಾಲೇಜು ಆಸ್ಪತ್ರೆ, ನಗರಸಭೆ, 108 ಆಂಬುಲೆನ್ಸ್, ಪೊಲೀಸ್, ಅಗ್ನಿಶಾಮಕ ದಳ, ಖಾಸಗಿ ಆಸ್ಪತ್ರೆಗಳು ಇರಲೇಬೇಕು. ಮರೆತುಹೋಗುವುದು ಹೊರಗಿನವರು. ತೀವ್ರ ಗಾಯಾಳುಗಳು ಕೊನೆಗೆ ಸೇರುವುದು ಮೈಸೂರು ಇಲ್ಲವೇ ಮಂಗಳೂರು. ವಿರಾಜಪೇಟೆ ಕಡೆಯವರು ಮಾಕುಟ್ಟ ಘಾಟಿ ಇಳಿದು ಕೇರಳದ ಕಣ್ಣೂರಿಗೂ ಹೋಗಬಹುದು. ಅಲ್ಲಿನ ಆಸ್ಪತ್ರೆಗಳಿಗೆ ನಾವು ಗಾಯಾಳುವಿನ ಕೈಗೆ ಕಟ್ಟಿದ ಸಂಖ್ಯೆಯ ಪಟ್ಟಿಯನ್ನು ಓದಲಾಗದಿದ್ದರೆ ಜಾಡು ಜಿಲ್ಲೆಯ ಗಡಿಯ ಸಂಪಾಜೆಯಲ್ಲೋ ಕುಶಾಲನಗರದಲ್ಲೋ ಕಡಿದುಹೋಗುತ್ತದೆ.

ಮೊದಲು ಸಂಖ್ಯೆ, ಆಮೇಲೆ ಹೆಸರು

ಇಡೀ ವ್ಯವಸ್ಥೆಯ ಜೀವಾಳ ಇದೇ. 2013ರ ಬಾಸ್ಟನ್ ಮ್ಯಾರಥಾನ್ ಸ್ಫೋಟದ ದಿನ ಒಂದು ಕುಟುಂಬಕ್ಕೆ ನಿಮ್ಮ ಮಗಳು ಬದುಕಿದ್ದಾಳೆ ಎಂದು ಆಸ್ಪತ್ರೆ ತಿಳಿಸಿತ್ತು. ಹಾಸಿಗೆಯಲ್ಲಿದ್ದವಳು ಆಕೆಯ ಗೆಳತಿ. ಮಗಳು ಆಗಲೇ ತೀರಿಕೊಂಡಿದ್ದಳು. ಹೆಸರನ್ನು ಊಹಿಸಿದರೆ ಹೀಗಾಗುತ್ತದೆ. ನಮ್ಮಲ್ಲಂತೂ ಪೊನ್ನಪ್ಪ, ಕಾವೇರಮ್ಮ ಎಂಬವರು ಊರಿಗೆ ಹಲವರು; ಗುರುತು ಹಿಡಿಯಬೇಕಾದ ಮನೆತನದ ಹೆಸರು ಆಸ್ಪತ್ರೆಯ ಪುಸ್ತಕದಲ್ಲಿ ಬರೀ ಇನಿಷಿಯಲ್ ಆಗಿ ಉಳಿಯುತ್ತದೆ. ಕಾಫಿ ತೋಟದ ಲೈನ್ ಮನೆಯ ಅಸ್ಸಾಮಿ ಕಾರ್ಮಿಕನ ಹೆಸರನ್ನು ಮೂವರು ಗುಮಾಸ್ತರು ಮೂರು ರೀತಿ ಬರೆಯುತ್ತಾರೆ.

ಹಾಗಾಗಿ ಗಾಯಾಳುವನ್ನು ಎತ್ತಿದ ಜಾಗದಲ್ಲೇ ಕೈಗೆ ಸಂಖ್ಯೆಯ ಪಟ್ಟಿ ಕಟ್ಟಬೇಕು. ಕೈಗೆ ಪೆಟ್ಟಾಗಿದ್ದರೆ ಕಾಲಿಗೆ. ರೈನ್‌ಕೋಟಿಗೋ ಕಂಬಳಿಗೋ ಸಿಕ್ಕಿಸುವುದು ಬೇಡ, ಆಸ್ಪತ್ರೆಯಲ್ಲಿ ಮೊದಲು ಕತ್ತರಿಸಿ ಎಸೆಯುವುದೇ ಬಟ್ಟೆಯನ್ನು. ಪಟ್ಟಿಯಲ್ಲಿ ಕ್ಯೂಆರ್ ಕೋಡ್ ಜೊತೆಗೆ ಬರಿಗಣ್ಣಿಗೆ ಕಾಣುವ ದಪ್ಪ ಅಂಕಿಗಳಿರಲಿ. ಕೆಸರು ಮೆತ್ತಿದ ಕೋಡನ್ನು ಯಾವ ಮೊಬೈಲೂ ಓದುವುದಿಲ್ಲ, ವೈರ್‌ಲೆಸ್‌ನಲ್ಲಿ ಅಂಕಿಯನ್ನು ಕೂಗಿ ಹೇಳಬಹುದು. ಹರಿದು ತೆಗೆಯುವ ಎರಡು ಮೂರು ಚೀಟಿಗಳೂ ಅದೇ ಸಂಖ್ಯೆಯಲ್ಲಿರಲಿ: ಒಂದು ಚಾಲಕನ ಬಳಿ, ಒಂದು ಆಸ್ಪತ್ರೆಯ ಪುಸ್ತಕಕ್ಕೆ. ಖರೀದಿಸುವ ಮುನ್ನ ಒಂದು ಪಟ್ಟಿಯನ್ನು ರಾತ್ರಿಯಿಡೀ ಬಕೆಟ್ ನೀರಿನಲ್ಲಿ ನೆನೆಹಾಕಿ ನೋಡಿ. ಜುಲೈ ಮಳೆಗೆ ತಡೆಯುವುದೇ ಎಂಬುದು ಬೆಳಗ್ಗೆ ಗೊತ್ತಾಗುತ್ತದೆ.

ಬಣ್ಣ

ಯಾರಿಗೆ ಮೊದಲು ಚಿಕಿತ್ಸೆ ಎಂಬುದನ್ನು ಬಣ್ಣ ಹೇಳುತ್ತದೆ: ಕೆಂಪು ತಕ್ಷಣದ ಚಿಕಿತ್ಸೆಗೆ, ಹಳದಿ ಸ್ವಲ್ಪ ಕಾಯಬಲ್ಲವರಿಗೆ, ಹಸಿರು ನಡೆದಾಡಬಲ್ಲವರಿಗೆ, ಕಪ್ಪು ಮೃತರಿಗೆ ಅಥವಾ ಬದುಕುಳಿಯುವ ಸಾಧ್ಯತೆ ಇಲ್ಲದವರಿಗೆ. ಗಾಯಾಳುಗಳನ್ನು ಬೇಗನೆ ವಿಂಗಡಿಸುವ ಸ್ಟಾರ್ಟ್ (START) ಎಂಬ ವಿಧಾನದಲ್ಲಿ ನಡೆಯಲಾಗದವರ ಉಸಿರಾಟ ನಿಮಿಷಕ್ಕೆ 30 ದಾಟಿದರೆ, ಮಣಿಕಟ್ಟಿನ ನಾಡಿ ಸಿಗದಿದ್ದರೆ ಅಥವಾ ಹೇಳಿದ ಮಾತಿನಂತೆ ನಡೆದುಕೊಳ್ಳಲಾಗದಿದ್ದರೆ ಕೆಂಪು. ಸ್ಥಿತಿ ಬದಲಾದಂತೆ ಬಣ್ಣ ಬದಲಾಗಲಿ, ಸಂಖ್ಯೆ ಎಂದಿಗೂ ಬದಲಾಗಬಾರದು.

ಈಗ ಸಾಫ್ಟ್‌ವೇರ್

ಎತ್ತಿದಾಗ, ಆಂಬುಲೆನ್ಸ್ ಹತ್ತಿಸಿದಾಗ, ಆಸ್ಪತ್ರೆಯ ಬಾಗಿಲಲ್ಲಿ, ಅಲ್ಲಿಂದ ಬಿಟ್ಟಾಗ: ಈ ನಾಲ್ಕು ಕಡೆ ಸಂಖ್ಯೆ ದಾಖಲಾದರೆ ಸಾಕು. ಇನ್ನೂ ಇಪ್ಪತ್ತು ಕಾಲಂ ತುಂಬಿಸಿ ಎಂದರೆ ಯಾರೂ ತುಂಬಿಸುವುದಿಲ್ಲ. 2018ರಲ್ಲಿ ರಸ್ತೆಯ ಜೊತೆಗೆ ವಿದ್ಯುತ್ತೂ ಮೊಬೈಲ್ ಸಂಪರ್ಕವೂ ಕಡಿದುಹೋಗಿದ್ದವು. ನೆಟ್‌ವರ್ಕ್ ಇಲ್ಲದಾಗ ಮಾಹಿತಿಯನ್ನು ಮೊಬೈಲಿನಲ್ಲೇ ಇಟ್ಟುಕೊಂಡು ಸಿಗ್ನಲ್ ಬಂದಾಗ ತಾನೇ ಕಳಿಸುವ ಗುಣ ಇಲ್ಲದ ತಂತ್ರಾಂಶವನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಕಂಪನಿಯವರು ಪ್ರಾತ್ಯಕ್ಷಿಕೆ ತೋರಿಸುವುದು ಜಿಲ್ಲಾಡಳಿತ ಭವನದ ವೈಫೈನಲ್ಲಿ ಅಲ್ಲ, ಗುಡ್ಡಗಾಡಿನ ಮುಕ್ಕೋಡ್ಲುವಿನ ಯಾವುದಾದರೂ ತಿರುವಿನಲ್ಲಿ, ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ.

ದತ್ತಾಂಶದ ಒಡೆತನ ಜಿಲ್ಲಾಡಳಿತದ್ದೇ ಎಂದು ಕರಾರಿನಲ್ಲಿ ಬರೆಯಿಸಿ. ಯಾರಿಗೆ ಎಷ್ಟು ಕಾಣಬೇಕು ಎಂಬುದೂ ಅಲ್ಲೇ ತೀರ್ಮಾನವಾಗಲಿ: ವೈದ್ಯರಿಗೆ ಗಾಯದ ವಿವರ, ಪೊಲೀಸರಿಗೆ ಗುರುತು, ಸಹಾಯವಾಣಿಯವರಿಗೆ ಯಾವ ಆಸ್ಪತ್ರೆ ಎಂಬುದು ಮಾತ್ರ. ಸಾವಿನ ಸುದ್ದಿಯನ್ನು ಫೋನಿನಲ್ಲಿ ಹೇಳುವ ಅಧಿಕಾರ ಯಾರಿಗೂ ಬೇಡ. ಇನ್ನು ಗಾಯಾಳುಗಳ ಹೆಸರಿನ ಪಟ್ಟಿಯ ಫೋಟೊ ವಾಟ್ಸ್‌ಆ್ಯಪ್‌ಗೆ ಹೋಗದಂತೆ ತಡೆಯುವುದು ಯಾವ ತಂತ್ರಾಂಶಕ್ಕೂ ಆಗದ ಕೆಲಸ, ಅದಕ್ಕೆ ಹಿರಿಯ ಅಧಿಕಾರಿಯ ಗದರಿಕೆಯೇ ಮದ್ದು.

ಬಳಸದೆ ಇಟ್ಟರೆ

ಬೀರುವಿನಲ್ಲಿಟ್ಟ ಪಟ್ಟಿಗಳನ್ನು ವಿಪತ್ತಿನ ದಿನ ಮೊದಲ ಸಲ ಬಿಚ್ಚಿದರೆ ಬಳಸುವುದು ಯಾರಿಗೂ ತಿಳಿದಿರುವುದಿಲ್ಲ. ನಮಗೆ ಅಭ್ಯಾಸಕ್ಕೆ ದಾರಿಯಿದೆ. ವಿಜಯದಶಮಿಯ ರಾತ್ರಿ ದಶಮಂಟಪಗಳ, ಅಂದರೆ ಹತ್ತು ದೇವಾಲಯಗಳ ಅಲಂಕೃತ ಮಂಟಪಗಳ, ಮೆರವಣಿಗೆ ನೋಡಲು ಮಡಿಕೇರಿ ತುಂಬಿ ತುಳುಕುತ್ತದೆ. ಅಂದು ಪ್ರಥಮ ಚಿಕಿತ್ಸೆಗೆ ಬಂದ ಪ್ರತಿಯೊಬ್ಬರಿಗೂ, ಕಾಲು ಉಳುಕಿದವರಿಗೂ, ಪಟ್ಟಿ ಕಟ್ಟಲಿ. ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲೂ ಹಾಗೆಯೇ. ಮರುದಿನ ಯಾವುದೋ ಐದು ಸಂಖ್ಯೆಗಳನ್ನು ಆರಿಸಿ, ಅವರು ಎಲ್ಲಿಗೆ ಹೋದರು, ಯಾವಾಗ ಮನೆಗೆ ಮರಳಿದರು ಎಂದು ನಿಯಂತ್ರಣ ಕೊಠಡಿಯನ್ನು ಕೇಳಿ. ಐದಕ್ಕೂ ಸರಿಯುತ್ತರ ಬಂದ ಮೇಲಷ್ಟೇ ಕಂಪನಿಗೆ ಕೊನೆಯ ಕಂತಿನ ಹಣ ಎಂಬ ಷರತ್ತು ಟೆಂಡರಿನಲ್ಲೇ ಇರಲಿ.