ಅಪ್ಪ ಕಳಿಸುತ್ತಿದ್ದ ದುಡ್ಡು, ನಾನು ಬಿಟ್ಟ ತಿಂಡಿ

ನಮ್ಮದು ತಿಪಟೂರು ಕಡೆ. ಮನೆಗೆ ತೆಂಗೇ ಆಧಾರ. 2021ರಲ್ಲಿ ಸಿಇಟಿ ಬರೆದು ಮೈಸೂರಿನಲ್ಲಿ ಎಂಜಿನಿಯರಿಂಗ್ ಸೇರಿದಾಗ ಉಂಡೆ ಕೊಬ್ಬರಿಗೆ ಒಳ್ಳೆ ರೇಟ್ ಇತ್ತು. ಬಸ್ ಹತ್ತಿಸುವಾಗ ಅಪ್ಪ ಎರಡು ಸಾವಿರ ಜಾಸ್ತಿನೇ ಕೊಟ್ಟರು. ನಾನೂ ಆರಾಮಾಗಿ ತಗೊಂಡೆ.

ಮುಜುಗರ ಶುರುವಾಗಿದ್ದು 2023ರಲ್ಲಿ. ಕೊಬ್ಬರಿ ಕ್ವಿಂಟಲ್‌ಗೆ 9,000 ರೂಪಾಯಿಗಿಂತ ಕೆಳಗೆ ಬಂತು. ಬೆಂಬಲ ಬೆಲೆಯೇ 11,750 ಇತ್ತು, ಮಾರ್ಕೆಟ್‌ನಲ್ಲಿ ಅಷ್ಟೂ ಸಿಗುತ್ತಿರಲಿಲ್ಲ. ಪಿಜಿ, ಖರ್ಚು ಎಲ್ಲಾ ಸೇರಿ ನನಗೆ ತಿಂಗಳಿಗೆ 8,000 ಬೇಕಿತ್ತು. ಅಂದರೆ ಹೆಚ್ಚೂ ಕಮ್ಮಿ ಒಂದು ಕ್ವಿಂಟಲ್. ನಮ್ಮಲ್ಲಿ ಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಕರಟ ಬಿಟ್ಟ ಮೇಲೆ ಅಲ್ಲಾಡಿಸಿದರೆ ಗುಡುಗುಡು ಅನ್ನುತ್ತದೆ. ಆಮೇಲೆ ಸುಲಿದು, ಕರಟ ಒಡೆದು, ಮೂಟೆ ಕಟ್ಟಬೇಕು. ದುಡ್ಡು ಬಂದ ಮೆಸೇಜ್ ನೋಡಿದಾಗಲೆಲ್ಲ ನನಗೆ ಆ ಅಟ್ಟವೇ ಕಣ್ಣ ಮುಂದೆ ಬರುತ್ತಿತ್ತು.

ಅದಕ್ಕೆ ನಾನು ಮಾಡಿದ ಘನಂದಾರಿ ಕೆಲಸ, "ಆರು ಸಾವಿರ ಸಾಕಪ್ಪಾ" ಅಂತ ಸುಳ್ಳು ಹೇಳಿದ್ದು. ನಮ್ಮ ಪಿಜಿಯಲ್ಲಿ ರಾತ್ರಿ ಊಟ ಮಾತ್ರ, ತಿಂಡಿ ಹೊರಗೆ. ತಿಂಡಿ ಬಿಟ್ಟೆ. ಸಾಲದ್ದಕ್ಕೆ ರೂಮ್‌ಮೇಟ್ ಹತ್ತಿರ ಕೈಸಾಲ ಮಾಡಿದೆ. ಗೆಳತಿಯರ ಜೊತೆ ಸಿನಿಮಾಕ್ಕೆ ಹೋದ ದಿನ ಮನೆಗೆ ಫೋನ್ ಮಾಡೋಕೆ ಮುಖ ಇರುತ್ತಿರಲಿಲ್ಲ. ಮೂರು ತಿಂಗಳಾದ ಮೇಲೆ ಇಂಟರ್ನಲ್ಸ್ ಬರೆಯುವಾಗ ತಲೆ ಸುತ್ತಿ ಬಿದ್ದೆ. ಡ್ರಿಪ್ಸ್, ರಕ್ತ ಪರೀಕ್ಷೆ, ಮಾತ್ರೆ ಸೇರಿ 2,400 ರೂಪಾಯಿ. ಮೂರು ತಿಂಗಳ ಇಡ್ಲಿ ಒಂದೇ ಮಧ್ಯಾಹ್ನ ಹೋಯಿತು.

ದಸರಾ ರಜೆಗೆ ಊರಿಗೆ ಹೋದಾಗ ಜಗಲಿಯಲ್ಲಿ ಕೂತು ಎಲ್ಲಾ ಹೇಳಿಬಿಟ್ಟೆ. ಅಪ್ಪ ಬೈಯಲಿಲ್ಲ. ಒಳಗೆ ಹೋಗಿ ತಮ್ಮ ಡೈರಿ ತಂದರು. "ನಿನ್ನ ಫೀಸಿಗೆ ಅಂತ ರೇಟ್ ಇದ್ದಾಗಲೇ ಎತ್ತಿಟ್ಟಿದೀನಿ ಕಣವ್ವಾ. ಅದರ ಚಿಂತೆ ನಿನಗ್ಯಾಕೆ?" ಅಂದರು. ಆದರೆ ಮುಂದಿನ ಪುಟದಲ್ಲಿ ಬೇರೆಯೇ ಲೆಕ್ಕ ಇತ್ತು. ಬೋರ್‌ವೆಲ್ ಮೋಟಾರ್ ಸುಟ್ಟು, ಅಮ್ಮನ ಬಳೆ ಅಡ ಇಟ್ಟು ತಂದ ದುಡ್ಡು. ಅದು ನನಗೆ ಗೊತ್ತೇ ಇರಲಿಲ್ಲ. ನಾನು ಇಡ್ಲಿ ಉಳಿಸುತ್ತಾ ಕೂತಿದ್ದೆ!

ಅವತ್ತೇ ಮಾತಾಡಿಕೊಂಡೆವು. ಅಪ್ಪ 8,000 ಕಳಿಸುವುದು, ನಾನು ಪ್ರತಿ ತಿಂಗಳ ಒಂದನೇ ತಾರೀಖು ಖರ್ಚಿನ ಪುಟದ ಫೋಟೋ ತೆಗೆದು ಅಮ್ಮನಿಗೆ ವಾಟ್ಸಾಪ್ ಮಾಡುವುದು. ಅಪ್ಪನೂ ಸಾಲ ಮಾಡಿದರೆ ನನಗೆ ಹೇಳುವುದು. ಇದಕ್ಕೆ ಅವರು ಒಪ್ಪಲು ಎರಡು ದಿನ ಬೇಕಾಯಿತು.

ರೈತರ ಮಕ್ಕಳಿಗೆ ಅಂತ ಸರ್ಕಾರದ ರೈತ ವಿದ್ಯಾನಿಧಿ ಸ್ಕಾಲರ್‌ಶಿಪ್ ಇತ್ತು, ಎಂಜಿನಿಯರಿಂಗ್ ಓದುವ ಹುಡುಗಿಯರಿಗೆ ಆಗ ವರ್ಷಕ್ಕೆ 11,000 ಬರುತ್ತಿತ್ತು. ನನ್ನ ಖಾತೆಗೆ ಆಧಾರ್ ಜೋಡಣೆ ಆಗಿರದೆ ಅದು ನಿಂತಿತ್ತು. ಬ್ಯಾಂಕಿಗೆ ಎರಡು ಸಲ ಅಲೆದೆ, ಬಂತು. ಅದು ಬಳೆಗೆ ಹೋಯಿತು. ಇಬ್ಬರು ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಟ್ಟೆ, ಪರೀಕ್ಷೆ ತಿಂಗಳು ಬಿಟ್ಟೆ. ಎಜುಕೇಶನ್ ಲೋನ್ ತಗೊಂಡಿದ್ದರೆ ಯಾರ ಹಂಗೂ ಇರುತ್ತಿರಲಿಲ್ಲ ಅಂತ ಗೆಳತಿ ಹೇಳುತ್ತಿದ್ದಳು. ನಾಲ್ಕು ಲಕ್ಷದವರೆಗೆ ಅಡಮಾನ ಕೇಳುವುದಿಲ್ಲ, ನಿಜ. ಆದರೆ ಅದಕ್ಕೂ ಅಪ್ಪ ಜೊತೆಗೆ ಸಹಿ ಹಾಕಬೇಕಲ್ವಾ?

ಮುಜುಗರ ಪೂರ್ತಿ ಹೋಯಿತು ಅಂತ ಹೇಳಲಾರೆ. ಆದರೆ ಸಿನಿಮಾಕ್ಕೆ ಹೋದರೆ "ಸಿನಿಮಾ, 180" ಅಂತ ಬರೆಯುತ್ತಿದ್ದೆ. ಅಮ್ಮ ಅದರ ಬಗ್ಗೆ ಒಂದು ಸಲವೂ ಕೇಳಲಿಲ್ಲ. "ಹಣ್ಣು ಯಾಕೆ ತಗೊಂಡಿಲ್ಲ?" ಅಂತ ಮಾತ್ರ ಕೇಳುತ್ತಿದ್ದರು.

2025ರಲ್ಲಿ ಓದು ಮುಗಿಯಿತು. ಅದೇ ವರ್ಷ ಕೊಬ್ಬರಿ 25,000 ದಾಟಬೇಕಾ! ಈಗ ತಮ್ಮ ಹಾಸನದಲ್ಲಿ ಡಿಪ್ಲೊಮಾ ಓದುತ್ತಿದ್ದಾನೆ, ಅವನ ಖರ್ಚು ನನ್ನದು. ಎಷ್ಟು ಬೇಕೋ ಅಂದರೆ "ಇದೆ ಅಕ್ಕಾ, ಸಾಕು" ಅನ್ನುತ್ತಾನೆ. ಒಂದು ನೋಟ್‌ಬುಕ್ ಕೊಡಿಸಿದೆ. ನಿನ್ನೆ ಮೊದಲ ಪುಟದ ಫೋಟೋ ಕಳಿಸಿದ್ದಾನೆ. ತಿಂಡಿಯ ಸಾಲೇ ಇಲ್ಲ. ಸಂಜೆ ಫೋನ್ ಮಾಡಬೇಕು.