ಚಾಕೊಲೇಟ್ ಹೊದಿಸಿದ ಪೀನಟ್ ಬಟರ್ ಉಂಡೆ: ಎಣ್ಣೆಯ ಹದ ಸಿಕ್ಕರೆ ಎಲ್ಲ ಸಿಕ್ಕಂತೆ

ಪೀನಟ್ ಬಟರ್ ಉಂಡೆ ಮಾಡಿ ಕೆಡಿಸಿಕೊಂಡವರ ದೂರುಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ. ಉಂಡೆ ಕಟ್ಟಲು ಬರಲಿಲ್ಲ, ಕಟ್ಟಿದ್ದು ತಟ್ಟೆಯಲ್ಲೇ ಚಪ್ಪಟೆಯಾಯಿತು, ಕೈಯೆಲ್ಲ ಜಿಡ್ಡಾಯಿತು, ವಾರ ಕಳೆಯುವುದರೊಳಗೆ ಚಾಕೊಲೇಟ್ ಮೇಲೆ ಬೂದಿ ಬಳಿದ ಹಾಗಾಯಿತು. ಇವುಗಳಲ್ಲಿ ಹೆಚ್ಚಿನವಕ್ಕೆ ಮೂಲ ಕಡಲೇಬೀಜದ ಎಣ್ಣೆ. ಬೀಜದ ತೂಕದಲ್ಲಿ ಹತ್ತಿರಹತ್ತಿರ ಅರ್ಧ ಎಣ್ಣೆಯೇ ಇರುತ್ತದೆ. ರುಬ್ಬುವಾಗ ಅದನ್ನು ಪೂರ್ತಿ ಬಿಡಿಸಬೇಕು, ಕಲಸುವಾಗ ಹಿಡಿದಿಟ್ಟುಕೊಳ್ಳಬೇಕು, ಅದ್ದುವಾಗ ಚಾಕೊಲೇಟಿಗೆ ತಾಗದ ಹಾಗೆ ನೋಡಿಕೊಳ್ಳಬೇಕು. ಈ ಮೂರು ಕೆಲಸ ಕೈಗೆ ಹತ್ತಿದರೆ ಅಂಗಡಿಯ ತಿಂಡಿಗಿಂತ ಎಷ್ಟೋ ಮೇಲಾದದ್ದು ಮನೆಯಲ್ಲೇ ಆಗುತ್ತದೆ.

ಸುಮಾರು 48 ಉಂಡೆಗೆ ಬೇಕಾಗುವುದು ಇಷ್ಟು: ಹಸಿ ಕಡಲೇಬೀಜ 350 ಗ್ರಾಂ, ಉಪ್ಪಿಲ್ಲದ ಬೆಣ್ಣೆ 40 ಗ್ರಾಂ, ಜರಡಿ ಹಿಡಿದ ಸಕ್ಕರೆ ಪುಡಿ 220 ಗ್ರಾಂ, ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿದ ಹುರಿಗಡಲೆ 40 ಗ್ರಾಂ, ಪುಡಿ ಉಪ್ಪು ಅರ್ಧ ಟೀ ಚಮಚ, ವೆನಿಲಾ ಎಸೆನ್ಸ್ ಅರ್ಧ ಟೀ ಚಮಚ, ಚಾಕೊಲೇಟ್ 350 ಗ್ರಾಂ. ಚಾಕೊಲೇಟ್ ಅಷ್ಟೂ ಖರ್ಚಾಗುವುದಿಲ್ಲ. ಆದರೆ ಉಂಡೆ ಮುಳುಗುವಷ್ಟು ಆಳ ಇಲ್ಲದಿದ್ದರೆ ಅದ್ದುವುದಕ್ಕೇ ಆಗುವುದಿಲ್ಲ, ಅದಕ್ಕೆ ಸ್ವಲ್ಪ ಹೆಚ್ಚು ಇಟ್ಟುಕೊಳ್ಳಬೇಕು.

ಬೀಜ ಆರಿಸುವಲ್ಲಿ ಸೋಮಾರಿತನ ಬೇಡ. ಸುಕ್ಕುಗಟ್ಟಿದ್ದು, ಕಪ್ಪಾದದ್ದು, ಬೂಷ್ಟು ಹಿಡಿದದ್ದನ್ನು ಒಂದೊಂದಾಗಿ ಆರಿಸಿ ತೆಗೆಯಿರಿ. ಬೂಷ್ಟು ಬಂದ ಕಡಲೇಬೀಜದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಹುರಿದರೆ ಅದು ಪೂರ್ತಿ ಹೋಗುವುದಿಲ್ಲ. ಒಂದೆರಡು ಬೀಜ ಬಾಯಿಗೆ ಹಾಕಿಕೊಂಡು ನೋಡಿ. ಕಮಟು ಬಂದಿದ್ದರೆ ಆ ಬೀಜ ಬೇಡವೇ ಬೇಡ, ಎಷ್ಟು ಸಕ್ಕರೆ ಸುರಿದರೂ ಆ ವಾಸನೆ ಅಡಗದು. ಕಾರ್ತಿಕದ ಹೊತ್ತಿಗೆ, ಬಸವನಗುಡಿಯಲ್ಲಿ ಪರಿಷೆ ನಡೆಯುವ ಸಮಯಕ್ಕೆ ಬರುವ ಹೊಸ ಕಾಯಿಯ ಬೀಜಕ್ಕೆ ರುಚಿ ಹೆಚ್ಚು, ತೇವವೂ ಹೆಚ್ಚು. ಅದನ್ನು ಸುಲಿದು ಎರಡು ದಿನ ಬಿಸಿಲಿಗೆ ಹಾಕಿ ಆಮೇಲೆ ಹುರಿಯಿರಿ.

ಹುರಿಯುವುದು ಸಣ್ಣ ಉರಿಯಲ್ಲೇ ಆಗಬೇಕು. ದಪ್ಪ ತಳದ ಬಾಣಲೆಯಲ್ಲಿ ಕೈಬಿಡದೆ 15ರಿಂದ 18 ನಿಮಿಷ. ಒವನ್ ಇದ್ದರೆ 160 ಡಿಗ್ರಿಯಲ್ಲಿ ಅಷ್ಟೇ ಹೊತ್ತು, ನಡುವೆ ಎರಡು ಸಲ ಕದಡಿ. ಉರಿ ದೊಡ್ಡದು ಮಾಡಿದರೆ ಸಿಪ್ಪೆ ಕಪ್ಪಾಗುತ್ತದೆ, ಒಳಗೆ ಹಸಿಯೇ ಉಳಿಯುತ್ತದೆ, ಆ ಹಸಿ ಬೀಜ ಮಿಕ್ಸಿಯಲ್ಲಿ ಎಣ್ಣೆ ಬಿಡದೆ ಹಿಟ್ಟಿನ ಹಾಗೆ ಕೂರುತ್ತದೆ. ಚಟಪಟ ಸದ್ದು ಶುರುವಾದ ಮೇಲೆ ಆಗಾಗ ಒಂದು ಬೀಜ ತೆಗೆದು ಸಿಪ್ಪೆ ಬಿಡಿಸಿ ಎರಡು ಹೋಳು ಮಾಡಿ. ಒಳಮೈ ಒಣಹುಲ್ಲಿನ ಬಣ್ಣಕ್ಕೆ ಬಂದಿರಬೇಕು, ಬೆಳ್ಳಗಿದ್ದರೆ ಇನ್ನೂ ಎರಡು ನಿಮಿಷ. ಬಿಸಿಯಲ್ಲಿ ಕಡಿದು ನೋಡಿ ಗರಿಗರಿ ಇಲ್ಲವೆಂದು ಮತ್ತೆ ಹುರಿಯಬೇಡಿ. ಬಿಸಿ ಬೀಜ ಮೆತ್ತಗೇ ಇರುತ್ತದೆ, ಆರಿದ ಮೇಲೆಯೇ ಗರಿಯಾಗುವುದು. ಹದ ಬಂದ ಕೂಡಲೇ ಅಗಲ ತಟ್ಟೆಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ಅದರ ಕಾವಿಗೇ ಹೊತ್ತಿ ಕಹಿಯಾಗುತ್ತದೆ. ಕೈಗೆ ತಡೆಯುವಷ್ಟು ಬಿಸಿ ಇರುವಾಗ ಬಟ್ಟೆಯಲ್ಲಿ ಸುತ್ತಿ ತಿಕ್ಕಿ, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸಿ. ಸಿಪ್ಪೆ ಉಳಿದರೆ ಒಗರು. ಇಷ್ಟಾಗುವ ಹೊತ್ತಿಗೆ 350 ಗ್ರಾಂ ಬೀಜ ಸುಮಾರು 300 ಗ್ರಾಂ ಆಗಿರುತ್ತದೆ.

ಬೀಜ ಉಗುರು ಬೆಚ್ಚಗಿರುವಾಗಲೇ ರುಬ್ಬಲು ಹಾಕಿ, ಎಣ್ಣೆ ಬೇಗ ಬಿಡುತ್ತದೆ. ಜಾರು ಚೂರೂ ತೇವವಿಲ್ಲದೆ ಒಣಗಿರಬೇಕು, ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಅರ್ಧ ನಿಮಿಷ ತಿರುಗಿಸಿ, ನಿಲ್ಲಿಸಿ, ಅಂಚಿಗೆ ಮೆತ್ತಿದ್ದನ್ನು ಸವಟಿನಿಂದ ಕೆಳಗೆ ತಳ್ಳಿ, ಮತ್ತೆ ತಿರುಗಿಸಿ. ಮೊದಲು ರವೆಯಾಗುತ್ತದೆ, ಆಮೇಲೆ ಹಸಿ ಮಣ್ಣಿನ ಹಾಗೆ ಜಾರಿನ ಗೋಡೆಗೆ ಅಂಟುತ್ತದೆ, ಆಮೇಲೆ ಒಂದು ಗಟ್ಟಿ ಮುದ್ದೆಯಾಗಿ ಬ್ಲೇಡ್ ಬರೀ ಸುತ್ತುತ್ತದೆ. ಧೈರ್ಯ ಕೆಡುವುದು ಈ ಘಟ್ಟದಲ್ಲೇ. ಎಷ್ಟೋ ಜನ ಇಲ್ಲಿ ಒಂದು ಚಮಚ ನೀರು ಬಿಟ್ಟು ಎಲ್ಲವನ್ನೂ ಹಾಳು ಮಾಡಿಕೊಳ್ಳುತ್ತಾರೆ. ನೀರು ಬಿದ್ದರೆ ಅದು ಚಟ್ನಿಯ ಹಾಗೆ ಬಿಗಿಯುತ್ತದೆ, ನಾಲ್ಕು ದಿನಕ್ಕೆ ಹಳಸುತ್ತದೆ. ಎಣ್ಣೆಯೂ ಬೇಡ. ಮಿಕ್ಸಿಗೆ ಐದು ನಿಮಿಷ ಬಿಡುವು ಕೊಟ್ಟು ಮುದ್ದೆಯನ್ನು ಮುರಿದು ಮತ್ತೆ ತಿರುಗಿಸಿ. ಇನ್ನು ಮೂರು ನಾಲ್ಕು ಸುತ್ತಿನಲ್ಲಿ ಮುದ್ದೆ ಸಡಿಲವಾಗಿ, ಮೈ ಹೊಳೆದು, ದೋಸೆ ಹಿಟ್ಟಿನ ಹಾಗೆ ಚಮಚದಿಂದ ಇಳಿಯುತ್ತದೆ. ತರಿತರಿ ಇಷ್ಟಪಡುವವರು ಹುರಿದ ಬೀಜ ಒಂದು ಹಿಡಿ ಬೇರೆ ತೆಗೆದಿಟ್ಟು ಜಜ್ಜಿ ಕೊನೆಗೆ ಸೇರಿಸಿಕೊಳ್ಳಬಹುದು. ಅರ್ಧಂಬರ್ಧ ರುಬ್ಬಿದ್ದರಿಂದ ಬರುವ ತರಿಯೇ ಬೇರೆ, ಅದು ಬಾಯಲ್ಲಿ ಮರಳು.

ರುಬ್ಬಿದ್ದು ಪೂರ್ತಿ ತಣ್ಣಗಾಗಲಿ, ಸಾಧ್ಯವಿದ್ದರೆ ರಾತ್ರಿಯಿಡೀ ಹಾಗೇ ಬಿಡಿ. ಬಿಸಿಯಲ್ಲಿ ಕಲಸಿದರೆ ನೀರಾಗಿದೆ ಎಂದುಕೊಂಡು ಸಕ್ಕರೆ ಸುರಿಯುತ್ತಾ ಹೋಗುತ್ತೀರಿ, ತಣ್ಣಗಾದ ಮೇಲೆ ಅದು ಕಲ್ಲಾಗುತ್ತದೆ. ಡಬ್ಬದ ಪೀನಟ್ ಬಟರ್ ತರುವವರು, ಅದರಲ್ಲೂ ಹೊರದೇಶದಲ್ಲಿರುವವರು, ಮೊದಲು ಲೇಬಲ್ ನೋಡಬೇಕು. ಎಣ್ಣೆ ಮೇಲೆ ತೇಲುವ, ಬರೀ ಬೀಜದ ಬಗೆಯಾದರೆ ತಳದಿಂದ ಚೆನ್ನಾಗಿ ಕಲಕಿಕೊಂಡು ಇದೇ ಅಳತೆಯಲ್ಲಿ ಮಾಡಬಹುದು. ಎಣ್ಣೆ ಬೇರೆಯಾಗದ ಹಾಗೆ ಗಟ್ಟಿ ಕೊಬ್ಬು, ಸಕ್ಕರೆ, ಉಪ್ಪು ಬೆರೆಸಿದ ಬಗೆಯಾದರೆ ಹುರಿಗಡಲೆ ಹಾಕಬೇಕಿಲ್ಲ, ಸಕ್ಕರೆ 40 ಗ್ರಾಂ ಕಡಿಮೆ ಮಾಡಿ, ಉಪ್ಪು ರುಚಿ ನೋಡಿ ಹಾಕಿ.

ಬೆಣ್ಣೆಯನ್ನು ಹೊರಗಿಟ್ಟು ಮೆತ್ತಗಾಗಿಸಿಕೊಳ್ಳಿ, ಕರಗಿಸಬೇಡಿ. ಮನೆಯಲ್ಲಿ ಕಡೆದ ಬೆಣ್ಣೆ ಇಲ್ಲಿ ಸಲ್ಲದು. ಅದರಲ್ಲಿ ಮಜ್ಜಿಗೆಯ ಅಂಶ ಉಳಿದಿರುತ್ತದೆ, ಉಂಡೆ ಬೇಗ ಹುಳಿಯಾಗುತ್ತದೆ. ಬೆಣ್ಣೆ, ಉಪ್ಪು, ವೆನಿಲಾ ಮೂರನ್ನೂ ಸೇರಿಸಿ ಉಜ್ಜಿ, ಪೀನಟ್ ಬಟರ್ ಹಾಕಿ ಕಲಸಿ, ಆಮೇಲೆ ಹುರಿಗಡಲೆ ಪುಡಿ, ಕೊನೆಗೆ ಸಕ್ಕರೆ ಪುಡಿಯನ್ನು ಮೂರು ಸಲವಾಗಿ ಸೇರಿಸಿ. ಎಣ್ಣೆಯಲ್ಲಿ ಸಕ್ಕರೆಯೂ ಕರಗುವುದಿಲ್ಲ, ಉಪ್ಪೂ ಕರಗುವುದಿಲ್ಲ. ಹಾಕುವಾಗ ಹರಳಿದ್ದರೆ ತಿನ್ನುವಾಗಲೂ ಹರಳೇ ಸಿಗುತ್ತದೆ, ಅದಕ್ಕೇ ಎರಡೂ ನುಣ್ಣಗಿರಬೇಕು. ಸಕ್ಕರೆ ಬರೀ ಸಿಹಿಗಲ್ಲ, ಎಣ್ಣೆ ಹೀರುವುದಕ್ಕೂ ಹೌದು. ಸಿಹಿ ಕಡಿಮೆ ಇರಲಿ ಎಂದು ಅರ್ಧ ಸಕ್ಕರೆ ಹಾಕಿದರೆ ಉಂಡೆ ನಿಲ್ಲುವುದಿಲ್ಲ. ಹುರಿಗಡಲೆ ಅಲ್ಲಿ ನೆರವಿಗೆ ಬರುತ್ತದೆ: ಒಣಗಿರುತ್ತದೆ, ಎಣ್ಣೆ ಹಿಡಿಯುತ್ತದೆ, ಬೀಜದ ರುಚಿಗೂ ಹೊಂದುತ್ತದೆ. ಸಕ್ಕರೆ 180 ಗ್ರಾಂಗೆ ಇಳಿಸಿ ಹುರಿಗಡಲೆ 70ಕ್ಕೆ ಏರಿಸಬಹುದು, ಅದಕ್ಕಿಂತ ಹೆಚ್ಚಾದರೆ ತಂಬಿಟ್ಟಿನ ರುಚಿ ಬರುತ್ತದೆ. ಬೆಲ್ಲ ಹಾಕಲೇಬೇಕೆನ್ನುವವರು ಪೂರ್ತಿ ಒಣಗಿದ ಪುಡಿಬೆಲ್ಲ ಬಳಸಿ. ಅಚ್ಚುಬೆಲ್ಲ ತುರಿದು ಹಾಕಿದರೆ ಅದರ ತೇವಕ್ಕೆ ಮಿಶ್ರಣ ಬಿಗಿದುಕೊಳ್ಳುತ್ತದೆ.

ಹದ ನೋಡುವುದು ಹೀಗೆ. ನೆಲ್ಲಿಕಾಯಿ ಗಾತ್ರ ತೆಗೆದುಕೊಂಡು ಉರುಟು ಮಾಡಿ ಹೆಬ್ಬೆರಳಿನಿಂದ ಒತ್ತಿ. ಅಂಚು ಸಣ್ಣಗೆ ಸೀಳಿ ಗುಳಿ ಹಾಗೇ ನಿಂತರೆ ಸರಿಯಾಗಿದೆ. ಗುಳಿ ತಾನೇ ಮುಚ್ಚಿಕೊಂಡರೆ ಇನ್ನೂ ಒಂದು ಚಮಚ ಹುರಿಗಡಲೆ ಬೇಕು. ಪುಡಿಪುಡಿಯಾಗಿ ಉದುರಿದರೆ ಒಂದು ಚಮಚ ಪೀನಟ್ ಬಟರ್ ಬೇಕು, ಹಾಲಲ್ಲ. ಹದ ಬಂದ ಮೇಲೆ ಚಪಾತಿ ಹಿಟ್ಟಿನ ಹಾಗೆ ನಾದಬೇಡಿ, ಕೈ ಕಾವಿಗೆ ಎಣ್ಣೆ ಮತ್ತೆ ಹೊರಬರುತ್ತದೆ. ಒಂದೊಂದು 12 ಗ್ರಾಂ ತೂಗಿ ಉಂಡೆ ಕಟ್ಟಿ. ಕೈ ಬಿಸಿಯೇರಿದರೆ ತಣ್ಣೀರಲ್ಲಿ ಅದ್ದಿ ಪೂರ್ತಿ ಒರೆಸಿಕೊಂಡು ಮುಂದುವರಿಸಿ. ಬಟರ್ ಪೇಪರ್ ಹಾಸಿದ ತಟ್ಟೆಯಲ್ಲಿ ಜೋಡಿಸಿ ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಡಿ. ಫ್ರೀಜರಿಗೆ ಹಾಕಬೇಡಿ. ಹೆಪ್ಪುಗಟ್ಟಿದ ಉಂಡೆಗೆ ಚಾಕೊಲೇಟ್ ಹೊದಿಸಿದರೆ ಒಳಗಿನದು ಬೆಚ್ಚಗಾಗುತ್ತಾ ಹಿಗ್ಗಿ ಹೊರಕವಚ ಬಿರಿಯುತ್ತದೆ, ಬಿರುಕಿನಲ್ಲಿ ಎಣ್ಣೆ ಜಿನುಗುತ್ತದೆ. ಫ್ರಿಜ್ಜಿನಿಂದ ತೆಗೆದ ಮೇಲೂ ಹತ್ತು ನಿಮಿಷ ಹೊರಗಿಟ್ಟು, ಮೈಮೇಲೆ ಬೆವರಿದ್ದರೆ ಕಾಗದದಿಂದ ಒತ್ತಿ ತೆಗೆದು ಅದ್ದಬೇಕು.

ಇನ್ನು ಚಾಕೊಲೇಟ್. ಅಂಗಡಿಯಲ್ಲಿ ದೊಡ್ಡ ಗಟ್ಟಿಗಳಲ್ಲಿ ಸಿಗುವುದು ಬಹುಪಾಲು ಕಾಂಪೌಂಡ್. ಅದರಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ವನಸ್ಪತಿ ಕೊಬ್ಬು ಇರುತ್ತದೆ. ಕರಗಿಸಿ ಅದ್ದಿದರೆ ತಾನೇ ಗಟ್ಟಿಯಾಗುತ್ತದೆ, ಸೆಕೆಗೂ ತಡೆಯುತ್ತದೆ, ಹೊಸಬರಿಗೆ ಸುಲಭ. ಆದರೆ ನಾಲಿಗೆಗೆ ಮೇಣ ಮೆತ್ತಿದ ಹಾಗಾಗುತ್ತದೆ. ಒಳಗಿನದಕ್ಕೆ ಇಷ್ಟು ಶ್ರಮಪಟ್ಟ ಮೇಲೆ ಹೊರಗಿನದೂ ಅದಕ್ಕೆ ತಕ್ಕಂತಿರಬೇಕು, ಅಸಲಿ ಚಾಕೊಲೇಟಿನಲ್ಲೇ ಮಾಡಿ. ನಮ್ಮ ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲೇ ಕೋಕೋ ಬೆಳೆಯುತ್ತಾರೆ. ಪುತ್ತೂರಿನ ಕ್ಯಾಂಪ್ಕೊ ಕಾರ್ಖಾನೆ 1986ರಿಂದ ಚಾಕೊಲೇಟ್ ಮಾಡುತ್ತಿದೆ. ಯಾವುದೇ ಕಂಪನಿಯದಾಗಲಿ, ಲೇಬಲ್ಲಿನಲ್ಲಿ ಕೊಬ್ಬಿನ ಜಾಗದಲ್ಲಿ ಕೋಕೋ ಬೆಣ್ಣೆ ಎಂದಿದೆಯೇ ನೋಡಿ. ಒಳಗೆ ಇಷ್ಟು ಸಿಹಿ ಇರುವುದರಿಂದ 50ರಿಂದ 60 ಶೇಕಡಾ ಕೋಕೋ ಇರುವ ಡಾರ್ಕ್ ಹೊಂದುತ್ತದೆ. ಅಸಲಿಯನ್ನೂ ಕಾಂಪೌಂಡನ್ನೂ ಬೆರೆಸಬೇಡಿ. ಎರಡು ಕೊಬ್ಬಿಗೂ ಒಂದಕ್ಕೊಂದು ಆಗದು, ಕವಚ ಮೆತ್ತಗಾಗಿ ಬಿಳಿಚಿಕೊಳ್ಳುತ್ತದೆ. ಕೇಕಿಗೆ ಹಾಕುವ ಚಿಪ್ಸ್ ಕೂಡ ಬೇಡ, ಒವನ್ನಿನಲ್ಲಿ ಆಕಾರ ಬಿಡದಿರಲಿ ಎಂದು ಮಾಡಿದ್ದು ಅದು, ಕರಗಿಸಿದರೂ ಮಂದವಾಗಿಯೇ ಇರುತ್ತದೆ.

ಅಸಲಿ ಚಾಕೊಲೇಟನ್ನು ಸುಮ್ಮನೆ ಕರಗಿಸಿ ಅದ್ದಿದರೆ ಗಂಟೆಗಟ್ಟಲೆ ಅಂಟಂಟಾಗಿರುತ್ತದೆ, ಕೊನೆಗೆ ಬಿಳಿ ಗೆರೆ ಮೂಡುತ್ತದೆ. ಕೋಕೋ ಬೆಣ್ಣೆ ಹಲವು ಬಗೆಯಲ್ಲಿ ಹರಳುಗಟ್ಟುತ್ತದೆ, ಅವುಗಳಲ್ಲಿ ಒಂದೇ ಬಗೆ ಹೊಳಪಾಗಿ, ಪಟಕ್ಕನೆ ಮುರಿಯುವ ಹಾಗೆ ಕೂರುತ್ತದೆ. ಆ ಬಗೆಯ ಹರಳು ಅಂಗಡಿಯಿಂದ ತಂದ ಗಟ್ಟಿಯಲ್ಲಿ ಆಗಲೇ ಇರುತ್ತದೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ ಅದನ್ನೇ ಹೆಪ್ಪಾಗಿ ಬಳಸಬೇಕು. 350 ಗ್ರಾಂನಲ್ಲಿ 230 ಗ್ರಾಂ ಸಣ್ಣಗೆ ಹೆಚ್ಚಿ ಬಟ್ಟಲಿಗೆ ಹಾಕಿ. ಪಾತ್ರೆಯಲ್ಲಿ ಎರಡು ಬೆರಳು ನೀರು ಕಾಯಿಸಿ ಒಲೆ ಆರಿಸಿ, ಅದರ ಬಾಯಿಗಿಂತ ಅಗಲವಾದ ಬಟ್ಟಲನ್ನು ನೀರಿಗೆ ತಳ ತಾಗದಂತೆ ಮೇಲಿಡಿ. ಡಾರ್ಕ್ ಆದರೆ 45 ಡಿಗ್ರಿ, ಹಾಲಿನ ಚಾಕೊಲೇಟ್ ಆದರೆ 40 ಮುಟ್ಟಿದಾಗ ಕೆಳಗಿಳಿಸಿ, ಬಟ್ಟಲಿನ ತಳ ಒರೆಸಿ. ಒಂದು ಹನಿ ನೀರು, ಒಂದಿಷ್ಟು ಆವಿ ಒಳಗೆ ಹೋದರೂ ಚಾಕೊಲೇಟ್ ಗಂಟುಗಟ್ಟಿ ಮಣ್ಣಾಗುತ್ತದೆ. ಹಾಗಾದರೆ ಅದು ಅದ್ದಲು ಬರದು, ಬಿಸಿ ಹಾಲು ಸೇರಿಸಿ ಸಾಸ್ ಮಾಡಿಕೊಳ್ಳಿ. ಉಳಿದ 120 ಗ್ರಾಂ ಚೂರನ್ನು ಹಿಡಿ ಹಿಡಿಯಾಗಿ ಸೇರಿಸುತ್ತಾ ನಿಲ್ಲಿಸದೆ ಕದಡಿ. ಡಾರ್ಕ್ 31–32 ಡಿಗ್ರಿಗೆ, ಹಾಲಿನದು 29–30ಕ್ಕೆ ಇಳಿದಾಗ ಸಿದ್ಧ. ಕೊನೆಯ ಚೂರು ಕರಗದೆ ಉಳಿದರೆ ತೆಗೆದುಬಿಡಿ. ಥರ್ಮಾಮೀಟರ್ ಇಲ್ಲದವರು ಒಂದು ಹನಿಯನ್ನು ಕೆಳದುಟಿಯ ಕೆಳಗೆ ಮುಟ್ಟಿಸಿ ನೋಡಿ, ಬೆಚ್ಚಗಿರದೆ ತುಸು ತಣ್ಣಗೆ ಅನಿಸಬೇಕು. ಚಾಕುವಿನ ತುದಿ ಅದ್ದಿ ಪಕ್ಕಕ್ಕಿಡಿ: ಐದು ನಿಮಿಷದಲ್ಲಿ ಕೈಗಂಟದೆ ಹೊಳೆಯುತ್ತಾ ಗಟ್ಟಿಯಾದರೆ ಅದ್ದಲು ಶುರುಮಾಡಬಹುದು. ಗೆರೆ ಬಂದರೆ ಇನ್ನೆರಡು ಚೂರು ಹಾಕಿ ಕದಡಿ.

ಕೋಣೆ 20ರಿಂದ 24 ಡಿಗ್ರಿ ಇದ್ದರೆ ಒಳ್ಳೆಯದು. ಮೈಸೂರು, ಬೆಂಗಳೂರಿನ ಚಳಿಗಾಲದ ಬೆಳಗು ಇದಕ್ಕೆ ಹೇಳಿ ಮಾಡಿಸಿದ್ದು. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಏಸಿ ಇಲ್ಲದೆ ಅಸಲಿ ಚಾಕೊಲೇಟಿಗೆ ಕೈ ಹಾಕಬೇಡಿ. ಮಂಗಳೂರಿನ ಮಳೆಗಾಲದಲ್ಲಿ ತೇವವೇ ಶತ್ರು.

ಎರಡು ಹಲ್ಲಿನ ಫೋರ್ಕ್ ಸಿಕ್ಕರೆ ಅದ್ದಲು ಅನುಕೂಲ. ಮಾಮೂಲಿ ಫೋರ್ಕ್ ಆದರೂ ಆಗುತ್ತದೆ. ಉಂಡೆಯನ್ನು ಬಿಟ್ಟು, ಮೇಲೆ ಚಾಕೊಲೇಟ್ ಸರಿಸಿ, ಅಡಿಯಿಂದ ಎತ್ತಿ, ಬಟ್ಟಲಿನ ಅಂಚಿಗೆ ಮೂರು ನಾಲ್ಕು ಸಲ ತಟ್ಟಿ, ಫೋರ್ಕಿನ ಅಡಿಯನ್ನು ಅಂಚಿಗೆ ಒರೆಸಿ ಕಾಗದಕ್ಕೆ ಜಾರಿಸಿ. ತಟ್ಟದಿದ್ದರೆ ಕೆಳಗೆ ಚಾಕೊಲೇಟ್ ಹರಡಿ ಪಾದ ಮೂಡುತ್ತದೆ. ಉಂಡೆ ಬಟ್ಟಲಲ್ಲಿ ಹೆಚ್ಚು ಹೊತ್ತು ಉಳಿದರೆ ಅದರ ಎಣ್ಣೆ ಚಾಕೊಲೇಟಿಗೆ ಸೇರುತ್ತದೆ, ಕೊನೆಕೊನೆಗೆ ಅದ್ದಿದವು ಮೆತ್ತಗೆ ಮಸುಕಾಗುವುದು ಅದರಿಂದಲೇ. ನಡುವೆ ಮಂದವಾದರೆ ಬಿಸಿನೀರಿನ ಪಾತ್ರೆಯ ಮೇಲೆ ಐದೈದು ಸೆಕೆಂಡು ಹಿಡಿದು ಕದಡಿ. ಡಾರ್ಕ್ 33 ದಾಟಿದರೆ ಮತ್ತೆ ಮೊದಲಿಂದ ಹದಮಾಡಬೇಕು.

ಅಮೆರಿಕದ ಒಹಾಯೊದಲ್ಲಿ ಇದನ್ನು ಹಲ್ಲುಕಡ್ಡಿಗೆ ಚುಚ್ಚಿ ಮುಕ್ಕಾಲು ಮಾತ್ರ ಅದ್ದಿ, ನೆತ್ತಿಯಲ್ಲಿ ಬಿಳಿ ದುಂಡು ಬಿಡುತ್ತಾರೆ. ಅಲ್ಲಿನ ರಾಜ್ಯದ ಮರ ಬಕೈ, ಅದರ ಕಡುಕಂದು ಬೀಜಕ್ಕೂ ಹಾಗೇ ಒಂದು ಬೆಳ್ಳನೆಯ ಮಚ್ಚೆ ಇರುತ್ತದೆ. ಉಂಡೆಗೂ ಅದೇ ಹೆಸರು. ಆ ಮರದ ಬೀಜ ವಿಷ, ಉಂಡೆ ಬಲು ಚೆಂದ. ಕಡ್ಡಿ ತೆಗೆದ ತೂತನ್ನು ಬೆರಳಿನಿಂದ ಸವರಿ ಮುಚ್ಚಿ. ಎರಡು ಮೂರು ದಿನದಲ್ಲಿ ತಿಂದು ಮುಗಿಸುವುದಾದರೆ ಹಾಗೆ ಮಾಡಿ, ಇಟ್ಟು ತಿನ್ನುವುದಾದರೆ ಪೂರ್ತಿ ಮುಚ್ಚಿ. ನೆತ್ತಿ ತೆರೆದಿದ್ದರೆ ಅಲ್ಲಿ ಒಣಗಿ ಗಟ್ಟಿಯಾಗುತ್ತದೆ.

ಯಾರಿಗೇ ಕೊಡುವ ಮುಂಚೆ ಒಳಗೆ ಕಡಲೇಬೀಜ ಇದೆ ಎಂದು ಬಾಯಿಬಿಟ್ಟು ಹೇಳಿ. ಈ ಅಲರ್ಜಿ ಇರುವ ಮಗುವಿಗೆ ಒಂದು ತುಣುಕೂ ಪ್ರಾಣಕ್ಕೆ ಎರವಾದೀತು, ಚಾಕೊಲೇಟ್ ಹೊದ್ದ ಉಂಡೆಯೊಳಗೆ ಏನಿದೆಯೆಂದು ಹೊರಗಿನಿಂದ ತಿಳಿಯುವುದಿಲ್ಲ.

ಅದ್ದಿದ ಉಂಡೆ ತಣ್ಣನೆಯ ಜಾಗದಲ್ಲಿ ಗಾಳಿಯಾಡದ ಡಬ್ಬದಲ್ಲಿ ಹತ್ತು ದಿನ ಚೆನ್ನಾಗಿರುತ್ತದೆ. ಆಮೇಲೆ ಬೀಜದ ಎಣ್ಣೆ ಮೆಲ್ಲಗೆ ಕವಚಕ್ಕೆ ಹತ್ತಿ ಹೊಳಪು ಕಂದುತ್ತದೆ. ಆ ಬಿಳುಪು ಬೂಷ್ಟಲ್ಲ, ತಿನ್ನಬಹುದು. ಸೆಕೆಗಾಲದಲ್ಲಿ ಫ್ರಿಜ್ಜಿನಲ್ಲಿಟ್ಟರೆ ಮೂರು ವಾರ. ಆದರೆ ತೆಗೆದ ಕೂಡಲೇ ಮುಚ್ಚಳ ತೆರೆಯಬೇಡಿ, ಹೊರಗಿನ ತೇವವೆಲ್ಲ ಉಂಡೆಗಳ ಮೇಲೆ ಬೆವರಾಗಿ ಕೂತು ಸಕ್ಕರೆ ಕರಗಿಸಿ ಮೈಯೆಲ್ಲ ಒರಟು ಮಾಡುತ್ತದೆ. ಡಬ್ಬ ಮುಚ್ಚಿದ ಹಾಗೇ ಮುಕ್ಕಾಲು ಗಂಟೆ ಹೊರಗಿರಲಿ, ಕೈಗೆ ತಣ್ಣಗೆ ತಾಗದಿದ್ದಾಗ ತೆರೆಯಿರಿ.